ಮಲೆನಾಡಲ್ಲಿ ಕೂತು ವಿಆರ್ ಆ್ಯಪ್ ಮಾಡುವವರಿಗೆ ಯಾವ ಹೆಡ್‌ಸೆಟ್?

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ಡೆವಲಪರ್‌ಗಳು, ಅದರಲ್ಲೂ ಈಗಷ್ಟೇ ಇಂಜಿನಿಯರಿಂಗ್ ಮುಗಿಸಿ ಊರಲ್ಲೇ ಇದ್ದು ಕೆಲಸ ಮಾಡಬೇಕು ಎನ್ನುವವರು, ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಮೆಟಾ ಕಂಪನಿಯ ವಿಆರ್ (ವರ್ಚುವಲ್ ರಿಯಾಲಿಟಿ) ಹೆಡ್‌ಸೆಟ್ ಕ್ವೆಸ್ಟ್ 3 ತಗೊಳ್ಳೋದಾ, ಅದರ ಅಗ್ಗದ ರೂಪ 3ಎಸ್ ಸಾಕಾ, ಹಳೇ ಕ್ವೆಸ್ಟ್ 2 ಸಿಕ್ಕರೆ ನಡೆಯುತ್ತಾ, ಇಲ್ಲಾ ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕಿಸಿ ಡೆಸ್ಕ್‌ಟಾಪ್ ಕಟ್ಟಿಸಿ ಪಿಸಿ ಹೆಡ್‌ಸೆಟ್‌ಗೇ ಹೋಗೋದಾ? ಯೂಟ್ಯೂಬಿನ ವಿಮರ್ಶೆಗಳಲ್ಲಿ ಇದಕ್ಕೆ ಉತ್ತರ ಸಿಗುವುದು ಕಷ್ಟ. ಅವು ಆಟ ಆಡುವವರಿಗೆಂದು ಮಾಡಿದವು. ಆಡುವವರು ಒಮ್ಮೆ ಹಾಕಿಕೊಂಡರೆ ಗಂಟೆ ಕಳೆದ ಮೇಲೇ ತೆಗೆಯುವುದು. ಡೆವಲಪರ್ ಆದವರು ಎರಡು ನಿಮಿಷ ಹಾಕಿ, ತೆಗೆದು, ಕೋಡ್ ತಿದ್ದಿ, ಮತ್ತೆ ಹಾಕುತ್ತಿರುತ್ತಾರೆ, ದಿನವಿಡೀ. ಇದರ ಮೇಲೆ ನಮ್ಮ ಕಡೆಯ ಮಳೆಗಾಲ, ಹೋಗಿ ಬರುವ ಕರೆಂಟು, ಹೆಂಚಿನ ಮನೆಯ ಮಬ್ಬು ಬೆಳಕು ಬೇರೆ.

ನಮ್ಮ ತೀರ್ಮಾನ ಮೊದಲೇ ಹೇಳಿಬಿಡುತ್ತೇವೆ. ಹೆಚ್ಚಿನವರಿಗೆ ಕ್ವೆಸ್ಟ್ 3ಎಸ್ ಸಾಕು, ಉಳಿದ ದುಡ್ಡು ಲ್ಯಾಪ್‌ಟಾಪಿನ ರ್‍ಯಾಮ್‌ಗೆ ಹೋಗಲಿ. ಈ ಮಾತು ಯಾರಿಗೆ ಅನ್ವಯಿಸುವುದಿಲ್ಲ ಎಂಬುದೇ ಮುಂದಿನ ವಿಷಯ.

ಯಾವುದನ್ನು ನೋಡಿ ಆರಿಸಬೇಕು

ಎಲ್ಲಕ್ಕಿಂತ ಮುಖ್ಯ, ನಿಮ್ಮ ಆ್ಯಪ್ ಎಲ್ಲಿ ಓಡುತ್ತದೆ ಎಂಬುದು. ಕ್ವೆಸ್ಟ್ ಥರದ ಹೆಡ್‌ಸೆಟ್ಟಿನೊಳಗೇ ಮೊಬೈಲ್ ಚಿಪ್ಪಿದೆ, ಆ್ಯಂಡ್ರಾಯ್ಡ್ ಆಧರಿಸಿದ ವ್ಯವಸ್ಥೆಯಿದೆ. ಎಪಿಕೆ (ಆ್ಯಂಡ್ರಾಯ್ಡ್ ಆ್ಯಪಿನ ಫೈಲು) ಹಾಕಿದರೆ ಆಯಿತು. ಪಿಸಿ ಹೆಡ್‌ಸೆಟ್‌ನಲ್ಲಿ ಚಿತ್ರ ತಯಾರಾಗುವುದು ಕಂಪ್ಯೂಟರಿನಲ್ಲಿ. ಎರಡರ ನಡುವಿನ ಅಂತರ ದೊಡ್ಡದು. ಸೆಕೆಂಡಿಗೆ 72 ಚಿತ್ರ ಬೇಕೆಂದರೆ ಒಂದೊಂದು ಚಿತ್ರಕ್ಕೆ ಸಿಗುವ ಸಮಯ 13.9 ಮಿಲಿಸೆಕೆಂಡ್, 90 ಬೇಕೆಂದರೆ 11.1. ಅಷ್ಟರಲ್ಲಿ ಎರಡೂ ಕಣ್ಣಿನ ಚಿತ್ರ ಮುಗಿಯಬೇಕು. ತಪ್ಪಿದರೆ ಚಿತ್ರ ತಡವರಿಸುತ್ತದೆ, ಹಾಕಿಕೊಂಡವರಿಗೆ ತಲೆ ಸುತ್ತಿ ವಾಕರಿಕೆ ಬರುತ್ತದೆ. ಪಿಸಿಯಲ್ಲಿ ಸೊಗಸಾಗಿ ಓಡುವ ದೃಶ್ಯ ಕ್ವೆಸ್ಟ್‌ನಲ್ಲಿ ಕುಂಟುವುದಕ್ಕೆ ಕಾರಣಗಳು ಹೆಚ್ಚಾಗಿ ಇವೇ: ಓಡುತ್ತಿರುವಾಗಲೇ ಲೆಕ್ಕ ಹಾಕುವ ನೆರಳುಗಳು, ಬ್ಲೂಮ್ (ಬೆಳಕಿನ ಸುತ್ತ ಪ್ರಭೆ) ಥರದ ಪೋಸ್ಟ್ ಪ್ರೊಸೆಸಿಂಗ್ (ಚಿತ್ರ ತಯಾರಾದ ಮೇಲೆ ಹಚ್ಚುವ ಪರಿಣಾಮಗಳು), ಒಂದರ ಮೇಲೊಂದು ಪಾರದರ್ಶಕ ಎಲೆಗಳು, ಸಾವಿರ ದಾಟಿದ ಡ್ರಾ ಕಾಲ್‌ಗಳು (ಇದನ್ನು ಬಿಡಿಸು ಎಂದು ಗ್ರಾಫಿಕ್ಸ್ ಚಿಪ್ಪಿಗೆ ಹೋಗುವ ಆದೇಶಗಳು). ಬೆಳಕನ್ನು ಮೊದಲೇ ಬೇಕ್ ಮಾಡಿ (ಲೆಕ್ಕ ಹಾಕಿ ಚಿತ್ರದಲ್ಲೇ ಅಚ್ಚೊತ್ತಿ), ಡ್ರಾ ಕಾಲ್‌ಗಳನ್ನು ಕೆಲವು ನೂರರೊಳಗೆ ಇಟ್ಟುಕೊಂಡರೆ ಮಾತ್ರ ಮೊಬೈಲ್ ಚಿಪ್ಪು ಹೊಂದಿಕೊಳ್ಳುತ್ತದೆ. ಅಡಿಕೆ ತೋಟದ ದೃಶ್ಯ ಮಾಡಲು ಹೊರಟವರಿಗೆ ಮೊದಲ ಪೆಟ್ಟು ಬೀಳುವುದು ಸೋಗೆಗಳಿಂದಲೇ.

ಎರಡನೆಯದು, ಕೊನೆಗೆ ಅದನ್ನು ಹಾಕಿಕೊಳ್ಳುವವರು ಯಾರು. ಹೋಮ್‌ಸ್ಟೇಗೆ ಬಂದ ಪ್ರವಾಸಿಗರೋ, ಶಾಲೆಯ ಮಕ್ಕಳೋ, ವಿದ್ಯುದಾಗಾರದ ತರಬೇತಿಯ ಸಿಬ್ಬಂದಿಯೋ? ಅವರ ಕೈಗೆ ಸಿಗುವ ಹೆಡ್‌ಸೆಟ್ ಯಾವುದೋ ಅದೇ ನಿಮ್ಮ ಪರೀಕ್ಷೆಯ ಹೆಡ್‌ಸೆಟ್ ಆಗಬೇಕು. ನಿಮ್ಮದು ಅದಕ್ಕಿಂತ ಬಲಶಾಲಿಯಾಗಿದ್ದರೆ ದೋಷಗಳು ಗಿರಾಕಿಯ ಎದುರೇ ಹೊರಬೀಳುತ್ತವೆ.

ಮೂರನೆಯದು ಕರೆಂಟು. ಗ್ರಾಫಿಕ್ಸ್ ಕಾರ್ಡ್ ಇರುವ ಡೆಸ್ಕ್‌ಟಾಪ್ ವಿಆರ್ ಓಡಿಸುವಾಗ 400ರಿಂದ 500 ವ್ಯಾಟ್ ಎಳೆಯುವುದು ಸಾಮಾನ್ಯ. ಮನೆಯ ಇನ್ವರ್ಟರಿನ 150 ಎಎಚ್ ಬ್ಯಾಟರಿಯಲ್ಲಿ ಕಾಗದದ ಮೇಲೆ ಇರುವುದು 1,800 ವ್ಯಾಟ್ ಅವರ್; ಅಷ್ಟು ಭಾರಕ್ಕೆ ಪೂರ್ತಿ ಸಿಗುವುದಿಲ್ಲ, ಮನೆಯ ದೀಪ ಫ್ಯಾನೂ ಅದರಲ್ಲೇ ಓಡಬೇಕು. ಎರಡು ಗಂಟೆ ದಾಟಿದರೆ ಹೆಚ್ಚು. ಇನ್ನೊಂದು ತೊಡಕಿದೆ. ಬಹಳಷ್ಟು ಇನ್ವರ್ಟರ್‌ಗಳ ಹಿಂಬದಿಯಲ್ಲಿ ಯುಪಿಎಸ್ ಮೋಡ್‌ಗೆ ಒಂದು ಸಣ್ಣ ಸ್ವಿಚ್ ಇರುತ್ತದೆ. ಅದು ಸಾಮಾನ್ಯ ಮೋಡ್‌ನಲ್ಲಿದ್ದರೆ ಕರೆಂಟ್ ಹೋದ ಕ್ಷಣದ ಅಂತರಕ್ಕೇ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗುತ್ತದೆ, ನಡೆಯುತ್ತಿದ್ದ ಬಿಲ್ಡ್ (ಕೋಡಿನಿಂದ ಆ್ಯಪ್ ಕಟ್ಟುವ ಕೆಲಸ) ಹಾಳಾಗುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಕೆಲವು ಪವರ್ ಸಪ್ಲೈಗಳು ಗುಂಯ್‌ಗುಡುತ್ತವೆ ಅಥವಾ ಆರಿಹೋಗುತ್ತವೆ; ಪ್ಯೂರ್ ಸೈನ್ ವೇವ್ ಬೇಕು. ಲ್ಯಾಪ್‌ಟಾಪ್ ಮತ್ತು ಕ್ವೆಸ್ಟ್ ಜೋಡಿಗೆ ಈ ಯಾವ ತಲೆನೋವೂ ಇಲ್ಲ, ಎರಡರಲ್ಲೂ ಬ್ಯಾಟರಿ ಇದೆ. ಕೋಣೆಗೆ ಮಾತ್ರ ಇನ್ವರ್ಟರ್ ಲೈನಿನಲ್ಲಿ ಒಂದು ಎಲ್‌ಇಡಿ ಬಲ್ಬು ಇರಲಿ. ಹೆಡ್‌ಸೆಟ್ ತನ್ನ ಜಾಗ ಗುರುತಿಸುವುದು ಕ್ಯಾಮೆರಾಗಳಿಂದ, ಕತ್ತಲಾದರೆ ಟ್ರ್ಯಾಕಿಂಗ್ (ಈ ಗುರುತಿಸುವಿಕೆ) ಕಳೆದುಹೋಗಬಹುದು.

ಉಳಿದವು ಚಿಕ್ಕವು, ಆದರೆ ಬಿಡುವಂತಿಲ್ಲ: ಕನ್ನಡಕ ಹಾಕುವವರಿಗೆ ಹೊಂದುತ್ತದೆಯೇ, ಬಿಲ್ಲು ಮತ್ತು ವಾರಂಟಿ ಯಾವ ದೇಶದ್ದು, ತೇವ ತಡೆಯಲು ನಿಮ್ಮಲ್ಲಿ ಏನು ವ್ಯವಸ್ಥೆ ಇದೆ.

ಕನ್ನಡ ಅಕ್ಷರದ ಲೆಕ್ಕ

ನಮ್ಮ ಆ್ಯಪ್‌ಗಳಲ್ಲಿ ಕನ್ನಡ ಇರಬೇಕಲ್ಲ? ಹೆಡ್‌ಸೆಟ್ ಆರಿಸುವಾಗ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆಮೇಲೆ ಪೇಚಾಡುತ್ತಾರೆ. ಕ್ವೆಸ್ಟ್ 3ರಲ್ಲಿ ನೋಟದ ಒಂದು ಡಿಗ್ರಿಗೆ ಸುಮಾರು 25 ಪಿಕ್ಸೆಲ್, 3ಎಸ್ ಮತ್ತು ಕ್ವೆಸ್ಟ್ 2ರಲ್ಲಿ ಸುಮಾರು 20. ಎರಡು ಮೀಟರ್ ದೂರದ ಫಲಕದ ಮೇಲೆ 5 ಸೆಂ.ಮೀ. ಎತ್ತರದ ಅಕ್ಷರ ಬರೆದರೆ ಅದು 3ಎಸ್‌ನಲ್ಲಿ 28 ಪಿಕ್ಸೆಲ್ ಎತ್ತರ, ಕ್ವೆಸ್ಟ್ 3ರಲ್ಲಿ 35. ಇಂಗ್ಲಿಷ್ ಅಕ್ಷರಕ್ಕೆ 28 ಧಾರಾಳ. ಕನ್ನಡದಲ್ಲಿ ‘ಸ್ತ್ರೀ’, ‘ಲಕ್ಷ್ಮಿ’ ಬಂದಾಗ ಒತ್ತಕ್ಷರಕ್ಕೆ ಉಳಿಯುವುದು ಏಳೆಂಟು ಪಿಕ್ಸೆಲ್. 3ಎಸ್‌ನಲ್ಲಿರುವ ಫ್ರೆನೆಲ್ ಲೆನ್ಸಿನ (ವೃತ್ತವೃತ್ತವಾಗಿ ಗೀರಿದ ತೆಳು ಲೆನ್ಸ್) ಅಂಚಿನಲ್ಲಿ ಅದು ಮಸಿ ಬಳಿದಂತೆ ಕಾಣುತ್ತದೆ. 3ಎಸ್‌ಗೆ ಮಾಡುವಾಗ ಅಕ್ಷರ ಇನ್ನೂ ದೊಡ್ಡದಿರಲಿ, ದಪ್ಪ ಫಾಂಟ್ ಇರಲಿ, ಬರಹ ಕಣ್ಣಿನ ನೇರಕ್ಕೆ ಬರಲಿ. ಪುಟಗಟ್ಟಲೆ ಓದಿಸುವ ಆ್ಯಪ್ ಆದರೆ ಕ್ವೆಸ್ಟ್ 3ಕ್ಕೆ ಹೆಚ್ಚು ದುಡ್ಡು ಕೊಡುವುದು ಸರಿಯಾದ ಖರ್ಚು.

ಅಕ್ಷರ ಜೋಡಣೆ ಎಂಜಿನ್‌ನ, ಅಂದರೆ ಯೂನಿಟಿ, ಅನ್‌ರಿಯಲ್, ಗೊಡೊ ಥರದ ಆ್ಯಪ್ ಕಟ್ಟುವ ತಂತ್ರಾಂಶದ ಕೆಲಸ. ಯೂನಿಟಿಯಲ್ಲಿ ಎಲ್ಲರೂ ಬಳಸುವ ಬರಹದ ಉಪಕರಣ ಟೆಕ್ಸ್ಟ್‌ಮೆಶ್ ಪ್ರೊ ಭಾರತೀಯ ಲಿಪಿಗಳ ಒತ್ತು, ಕಾಗುಣಿತಗಳನ್ನು ತಾನಾಗಿ ಕೂಡಿಸುವುದಿಲ್ಲ. ‘ಶಿವಮೊಗ್ಗ’ ಕೂಡ ಬಿಡಿಬಿಡಿಯಾಗಿ ಬರುತ್ತದೆ. ಬದಲಾಗದ ಬರಹವನ್ನು ಚಿತ್ರವಾಗಿ ಮಾಡಿ ಟೆಕ್ಸ್ಚರ್ (ವಸ್ತುವಿನ ಮೇಲ್ಮೈಗೆ ಹೊದಿಸುವ ಚಿತ್ರ) ಆಗಿ ಅಂಟಿಸುವುದು ಅಲ್ಲಿನ ಸುಲಭದ ದಾರಿ. ಗೊಡೊ 4 ಮತ್ತು ಅನ್‌ರಿಯಲ್ ಎರಡೂ ಅಕ್ಷರ ಜೋಡಿಸುವ ಹಾರ್ಫ್‌ಬಜ್ ಲೈಬ್ರರಿ ಬಳಸುವುದರಿಂದ ನೋಟೊ ಸ್ಯಾನ್ಸ್ ಕನ್ನಡದಂಥ ಫಾಂಟನ್ನು ಪ್ರಾಜೆಕ್ಟಿಗೆ ಸೇರಿಸಿದರೆ ಕನ್ನಡ ನೆಟ್ಟಗೆ ಬರುತ್ತದೆ. ಬ್ರೌಸರಿನಲ್ಲೇ ವಿಆರ್ ಓಡಿಸುವ ವೆಬ್‌ಎಕ್ಸ್‌ಆರ್‌ನಲ್ಲಿ ಬರಹವನ್ನು ಮೊದಲು ಕ್ಯಾನ್‌ವಾಸ್ (ಪುಟದಲ್ಲಿ ಚಿತ್ರ ಬರೆಯುವ ಜಾಗ) ಮೇಲೆ ಬರೆಸಿ ಅದನ್ನು ಟೆಕ್ಸ್ಚರ್ ಮಾಡಿ. ಜೋಡಣೆಯನ್ನು ಬ್ರೌಸರ್ ನೋಡಿಕೊಳ್ಳುತ್ತದೆ.

ಹೆಡ್‌ಸೆಟ್ ಇಲ್ಲದೆ ಶುರು ಮಾಡುವುದು

ಕೈಯಲ್ಲಿ ದುಡ್ಡಿಲ್ಲದ ವಿದ್ಯಾರ್ಥಿಗಳಿಗೆ ಇದು ನಿಜವಾದ ಆಯ್ಕೆ. ಹೆಡ್‌ಸೆಟ್ಟನ್ನು ಕಂಪ್ಯೂಟರಿನಲ್ಲೇ ಅನುಕರಿಸುವ ಮೆಟಾದ ಎಕ್ಸ್‌ಆರ್ ಸಿಮ್ಯುಲೇಟರ್ ಯೂನಿಟಿ, ಅನ್‌ರಿಯಲ್ ಜೊತೆ ಓಡುತ್ತದೆ. ವೆಬ್ ಕಡೆಯವರಿಗೆ ಕ್ರೋಮ್‌ಗೆ ಹಾಕುವ ಇಮ್ಮರ್ಸಿವ್ ವೆಬ್ ಎಮ್ಯುಲೇಟರ್ ಇದೆ. ಬಟನ್ನು, ಮೆನು, ದೃಶ್ಯಗಳ ನಡುವಿನ ಓಡಾಟ, ವಸ್ತು ಹಿಡಿದು ಬಿಡುವ ತರ್ಕ ಎಲ್ಲವನ್ನೂ ಇದರಲ್ಲೇ ಬರೆದು ಮುಗಿಸಬಹುದು. ಗಾತ್ರ ಸರಿಯಿದೆಯೇ, ಕೈ ನಿಲುಕುತ್ತದೆಯೇ, ತಲೆ ಸುತ್ತುತ್ತದೆಯೇ, 13.9 ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆಯೇ ಎಂಬ ನಾಲ್ಕು ಪ್ರಶ್ನೆಗೆ ಮಾತ್ರ ಇದರಲ್ಲಿ ಉತ್ತರವಿಲ್ಲ. ಬಾಗಿಲು ಒಂದೂವರೆ ಪಟ್ಟು ದೊಡ್ಡದಾಗಿರುವುದು ಮಾನಿಟರಿನಲ್ಲಿ ಗೊತ್ತೇ ಆಗುವುದಿಲ್ಲ.

ಫೋನು ಸಿಕ್ಕಿಸುವ ಕಾರ್ಡ್‌ಬೋರ್ಡ್ ಕನ್ನಡಕ ತಲೆ ತಿರುಗಿಸಿದ್ದನ್ನು ಮಾತ್ರ ತಿಳಿಯುತ್ತದೆ, ಮುಂದೆ ಬಾಗಿದ್ದನ್ನು ತಿಳಿಯುವುದಿಲ್ಲ. ಜೋಗದ 360 ಡಿಗ್ರಿ ವಿಡಿಯೊ ತೋರಿಸಲು ಸಾಕು, ಅದರಾಚೆಗೆ ಬೇಡ.

ಸೆಕೆಂಡ್ ಹ್ಯಾಂಡ್ ಕ್ವೆಸ್ಟ್ 2

2020ರದ್ದು. ಎಕ್ಸ್‌ಆರ್‌2 ಮೊದಲ ಪೀಳಿಗೆಯ ಚಿಪ್ಪು, 6 ಜಿಬಿ ರ್‍ಯಾಮ್, ಕ್ಯಾಮೆರಾ ಮೂಲಕ ಕಾಣುವ ಹೊರಗಿನ ನೋಟ ಕಪ್ಪುಬಿಳುಪು. ಮೆಟಾ ಇದರ ಮಾರಾಟ ನಿಲ್ಲಿಸಿದೆ. ಕಲಿಯಲು ಇವತ್ತಿಗೂ ಒಳ್ಳೆಯದು. ಇದರಲ್ಲಿ ಸೆಕೆಂಡಿಗೆ 72 ಚಿತ್ರ ಹಿಡಿದ ಆ್ಯಪ್ ಹೊಸದರಲ್ಲಿ ಸಲೀಸಾಗಿ ಓಡುತ್ತದೆ. ನಿಜವಾದ ಕೋಣೆಯ ಮೇಲೆ ಚಿತ್ರ ಮೂಡಿಸುವ ಮಿಕ್ಸೆಡ್ ರಿಯಾಲಿಟಿ ಕೆಲಸಕ್ಕೆ ಮಾತ್ರ ತಗೊಳ್ಳಬೇಡಿ. ಹೆಡ್‌ಸೆಟ್ಟಿನ ಬಣ್ಣದ ಕ್ಯಾಮೆರಾವನ್ನು ನಿಮ್ಮ ಆ್ಯಪ್ ಓದಲು ಅವಕಾಶ ಇರುವುದು ಕ್ವೆಸ್ಟ್ 3, 3ಎಸ್‌ಗಳಲ್ಲಿ. ಎಲೆ ನೋಡಿ ರೋಗ ಗುರುತಿಸುವಂಥ ಯೋಚನೆ ಇದ್ದರೆ ಕ್ವೆಸ್ಟ್ 2 ಲೆಕ್ಕಕ್ಕೇ ಇಲ್ಲ.

ತಗೊಳ್ಳುವಾಗ ಪರೀಕ್ಷೆ ಹೀಗೆ. ಬ್ರೌಸರಿನಲ್ಲಿ ಪೂರ್ತಿ ಬಿಳಿ ಪುಟ ತೆರೆದು ಒಂದೊಂದೇ ಕಣ್ಣಿನಿಂದ ನೋಡಿ. ಹಳದಿ ಅಥವಾ ನೇರಳೆ ಕಲೆ, ಗೆರೆ ಕಂಡರೆ ಲೆನ್ಸ್ ಮೂಲಕ ಬಿಸಿಲು ಹೊಕ್ಕು ಪರದೆ ಸುಟ್ಟಿದೆ ಎಂದರ್ಥ. ಅದಕ್ಕೆ ರಿಪೇರಿ ಇಲ್ಲ, ಬಿಟ್ಟುಬಿಡಿ. ಕೈಯಲ್ಲಿ ಹಿಡಿಯುವ ಕಂಟ್ರೋಲರಿನ ಹೆಬ್ಬೆರಳ ಕೋಲನ್ನು ಮುಟ್ಟದೆ ಇಟ್ಟಾಗಲೂ ಮೆನು ತಾನಾಗಿ ಜಾರಿದರೆ ಡ್ರಿಫ್ಟ್ ಇದೆ. ಟಾರ್ಚ್ ಹಿಡಿದು ಲೆನ್ಸಿನ ಒಳಗೆ ನೋಡಿ, ಜೇಡರ ಬಲೆಯಂಥ ಎಳೆಗಳಿದ್ದರೆ ಅದು ಫಂಗಸ್. ಮಾರುವವರು ಹೆಡ್‌ಸೆಟ್ಟನ್ನು ತಮ್ಮ ಖಾತೆಯಿಂದ ತೆಗೆದು, ನಿಮ್ಮೆದುರೇ ಫ್ಯಾಕ್ಟರಿ ರೀಸೆಟ್ ಮಾಡಿ, ನಿಮ್ಮ ಖಾತೆಗೆ ಜೋಡಿಸಿದ ಮೇಲೇ ದುಡ್ಡು ಕೊಡಿ.

3ಎಸ್ ಮತ್ತು 3

ಇಲ್ಲೇ ಜನ ಹೆಚ್ಚು ತಡಕಾಡುವುದು. ಚಿಪ್ಪು ಎರಡರಲ್ಲೂ ಒಂದೇ, ಎಕ್ಸ್‌ಆರ್‌2 ಎರಡನೇ ಪೀಳಿಗೆ. ರ್‍ಯಾಮ್ ಎರಡರಲ್ಲೂ 8 ಜಿಬಿ. ತೂಕ ಎರಡೂ ಅರ್ಧ ಕೆಜಿಯ ಆಸುಪಾಸು. ನೀವು ಬರೆಯುವ ಕೋಡೂ ಒಂದೇ. ಬಿಡುಗಡೆಯಾದಾಗ ಅಮೆರಿಕದಲ್ಲಿ 3ಎಸ್ ಸುಮಾರು 300 ಡಾಲರ್, ಕ್ವೆಸ್ಟ್ 3 ಸುಮಾರು 500 ಡಾಲರಿಗೆ ಶುರುವಾಗಿದ್ದವು. ಇಲ್ಲಿಗೆ ಬರುವಷ್ಟರಲ್ಲಿ ಸುಂಕ, ಆಮದು ಮಾಡಿದವರ ಲಾಭ ಸೇರಿ ಎರಡೂ ಏರುತ್ತವೆ, ನಡುವಿನ ಅಂತರವೂ ಬೆಳೆಯುತ್ತದೆ.

ಕ್ವೆಸ್ಟ್ 3ರ ಹೆಚ್ಚುವರಿ ದುಡ್ಡು ಹೋಗಿರುವುದು ಕಣ್ಣಿಗೆ. ಕಣ್ಣೊಂದಕ್ಕೆ 2064×2208 ಪಿಕ್ಸೆಲ್, ಅಂಚಿನವರೆಗೂ ತಿಳಿಯಾಗಿ ಕಾಣುವ ಪ್ಯಾನ್‌ಕೇಕ್ ಲೆನ್ಸ್, ಜೊತೆಗೆ ಆಳ ಅಳೆಯುವ ಸೆನ್ಸರ್. 3ಎಸ್‌ನಲ್ಲಿ 1832×1920, ಕ್ವೆಸ್ಟ್ 2ರ ಥರದ್ದೇ ಫ್ರೆನೆಲ್ ಲೆನ್ಸ್. ಕಣ್ಣುಗಳ ನಡುವಿನ ಅಂತರ ಹೊಂದಿಸಲು 3ಎಸ್‌ನಲ್ಲಿ ಮೂರೇ ಜಾಗ: 58, 63, 68 ಮಿ.ಮೀ. ಕ್ವೆಸ್ಟ್ 3ರಲ್ಲಿ ಚಕ್ರ ತಿರುಗಿಸಿ 58ರಿಂದ 71ರವರೆಗೆ ಹೊಂದಿಸಬಹುದು. ಕನ್ನಡಕದ ಅಂಗಡಿಯಲ್ಲಿ ನಿಮ್ಮ ಪಿಡಿ (ಕಣ್ಣುಪಾಪೆಗಳ ನಡುವಿನ ಅಂತರ) ಅಳತೆ ಕೇಳಿ ಬರೆಸಿಕೊಳ್ಳಿ. ಅದು 60 ಅಥವಾ 66ರಂತೆ ಎರಡು ಜಾಗಗಳ ನಡುವೆ ಬಿದ್ದು, ದಿನಕ್ಕೆ ಹಲವು ಗಂಟೆ ಹಾಕುವವರಾದರೆ ಕ್ವೆಸ್ಟ್ 3 ಕಣ್ಣಿಗೆ ಹಿತ. ಕನ್ನಡಕ ಹಾಕುವವರಿಗೂ ಅದೇ ಮಾತು. ಕನ್ನಡಕದ ಗಾಜು ಲೆನ್ಸಿಗೆ ತಾಗಿ ಎರಡೂ ಗೀರಾಗದಂತೆ ಮುಖದ ಭಾಗವನ್ನು ಹೊರಕ್ಕೆ ಎಳೆದುಕೊಳ್ಳಿ. 3ಎಸ್‌ನಲ್ಲಿ ಇಯರ್‌ಫೋನ್ ತೂತು ಇಲ್ಲ. ಗಲಾಟೆಯ ಜಾಗದಲ್ಲಿ ಡೆಮೊ ಕೊಡುವವರಿಗೆ ಇದು ಗೊತ್ತಿರಬೇಕು.

ಇಕ್ಕೇರಿ ದೇವಸ್ಥಾನದ ಕೆತ್ತನೆ ತೋರಿಸುವುದು, ಗೋಡೆಗೆ ತಾಗಿಸಿ ಯಂತ್ರದ ಭಾಗ ಮೂಡಿಸುವುದು, ಕಟ್ಟಡದ ನಕ್ಷೆ ಓದಿಸುವುದು ನಿಮ್ಮ ಕೆಲಸವಾದರೆ 3. ತರಬೇತಿ, ಆಟ, ಶಾಲೆಯ ಪಾಠ, ಹೋಮ್‌ಸ್ಟೇ ಪ್ರವಾಸ ಆದರೆ 3ಎಸ್. ಇಬ್ಬರು ಡೆವಲಪರ್‌ಗಳ ತಂಡಕ್ಕೆ ಒಂದು 3ಕ್ಕಿಂತ ಎರಡು 3ಎಸ್ ಮೇಲು. ಹಲವರು ಒಟ್ಟಿಗೆ ಸೇರುವ ಆ್ಯಪ್ ಪರೀಕ್ಷಿಸಲು ಎರಡು ಬೇಕೇ ಬೇಕು.

ಕೆತ್ತನೆಯ ಮಾತು ಬಂದಿದ್ದಕ್ಕೆ ಒಂದು ಲೆಕ್ಕ. ಫೋಟೊಗಳಿಂದ ಕಟ್ಟಿದ 3ಡಿ ಮಾದರಿ ಲಕ್ಷಾಂತರ, ಕೋಟಿ ತ್ರಿಕೋನಗಳಲ್ಲಿ ಹೊರಬರುತ್ತದೆ. ಎರಡು ಮೂರು ಲಕ್ಷಕ್ಕೆ ಇಳಿಸಿ, ಸೂಕ್ಷ್ಮ ಕೆತ್ತನೆಯನ್ನು ನಾರ್ಮಲ್ ಮ್ಯಾಪಿಗೆ (ಉಬ್ಬುತಗ್ಗಿನ ಭ್ರಮೆ ಮೂಡಿಸುವ ಚಿತ್ರಕ್ಕೆ) ಬೇಕ್ ಮಾಡಿ. 4096×4096 ಟೆಕ್ಸ್ಚರನ್ನು ಹಾಗೇ ಬಿಟ್ಟರೆ ಒಂದಕ್ಕೇ 64 ಎಂಬಿ ಮೆಮೊರಿ. ಎಎಸ್‌ಟಿಸಿ 6×6 ಎಂಬ ವಿಧಾನದಲ್ಲಿ ಕುಗ್ಗಿಸಿದರೆ ಎಂಟು ಎಂಬಿಯೊಳಗೆ, ಮಿಪ್‌ಮ್ಯಾಪ್ (ದೂರದಿಂದ ನೋಡುವಾಗ ಬಳಸುವ ಚಿಕ್ಕ ಪ್ರತಿಗಳು) ಸೇರಿ ಹತ್ತರ ಹತ್ತಿರ. ರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ನಿಲ್ಲಿಸುವ ಮುಂಚೆ ಅನುಮತಿ ಕೇಳಿ.

ಪಿಸಿ ಹೆಡ್‌ಸೆಟ್‌ಗಳು, ವಿಷನ್ ಪ್ರೊ

ಸೋನಿಯ ಪ್ಲೇಸ್ಟೇಷನ್ ವಿಆರ್2 ಹೆಡ್‌ಸೆಟ್ಟಿಗೆ 2024ರಲ್ಲಿ ಪಿಸಿ ಅಡಾಪ್ಟರ್ ಬಂತು. ಒಎಲ್‌ಇಡಿ ಪರದೆ, ಕಪ್ಪು ನಿಜಕ್ಕೂ ಕಪ್ಪಾಗಿ ಕಾಣುತ್ತದೆ. ಆದರೆ ಡಿಸ್‌ಪ್ಲೇಪೋರ್ಟ್ 1.4 ಬೇಕು. ಎಷ್ಟೋ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಎಚ್‌ಡಿಎಂಐ ಮಾತ್ರ. ಪಿಸಿಗೆ ಜೋಡಿಸಿದಾಗ ಕಣ್ಣಿನ ಚಲನೆ ಗುರುತಿಸುವ ಸೌಲಭ್ಯವೂ ಸಿಗುವುದಿಲ್ಲ. 2019ರ ವಾಲ್ವ್ ಇಂಡೆಕ್ಸ್‌ಗೆ ಕೋಣೆಯ ಮೂಲೆಗಳಲ್ಲಿ ಜಾಗ ಗುರುತಿಸಲು ಬೆಳಕು ಸೂಸುವ ಬೇಸ್ ಸ್ಟೇಷನ್ ಇಡಬೇಕು, ಅವಕ್ಕೆ ಸದಾ ಕರೆಂಟು ಬೇಕು. ಕನ್ನಡಿಯಂತೆ ಹೊಳೆಯುವ ನೆಲ, ಬೀರುಗಳಿಂದ ಪ್ರತಿಫಲನವಾಗಿ ಟ್ರ್ಯಾಕಿಂಗ್ ಜಿಗಿಯುತ್ತದೆ. ಕಂಪನಿಯ ಗಿರಾಕಿ ಪಿಸಿಯಲ್ಲೇ ಓಡಬೇಕು ಎಂದು ಕೇಳಿದ್ದರೆ ಮಾತ್ರ ಈ ದಾರಿ. ಆಗಲೂ ಕ್ವೆಸ್ಟನ್ನೇ ಲಿಂಕ್ ಕೇಬಲ್ ಹಾಕಿ ಪಿಸಿ ಹೆಡ್‌ಸೆಟ್ ಆಗಿ ಬಳಸಬಹುದಾದ್ದರಿಂದ ಎರಡನೆಯದು ತರುವ ಅಗತ್ಯ ಕಡಿಮೆ.

ಆ್ಯಪಲ್ ವಿಷನ್ ಪ್ರೊ 3,499 ಡಾಲರಿನಲ್ಲಿ ಶುರುವಾದದ್ದು. ಆ್ಯಪಲ್ ಚಿಪ್ಪಿನ ಮ್ಯಾಕ್ ಇಲ್ಲದೆ ಅದಕ್ಕೆ ಆ್ಯಪ್ ಕಟ್ಟಲಾಗುವುದಿಲ್ಲ. ಗಿರಾಕಿಯೇ ಹೆಡ್‌ಸೆಟ್ ಕೊಡಿಸುವುದಾದರೆ ಅಲ್ಲಿಯವರೆಗೆ ಆ್ಯಪಲ್‌ನ ಆ್ಯಪ್ ಕಟ್ಟುವ ತಂತ್ರಾಂಶ ಎಕ್ಸ್‌ಕೋಡಿನ ಸಿಮ್ಯುಲೇಟರ್‌ನಲ್ಲಿ ಕಲಿತಿರಿ.

ಎಂಜಿನ್ ಮತ್ತು ಇಂಟರ್ನೆಟ್

ಹಳ್ಳಿಯಲ್ಲಿ ಮೊಬೈಲ್ ಡೇಟಾ ಮೇಲೆ ಇರುವವರು ಇದನ್ನೂ ತೂಗಬೇಕು. ಅನ್‌ರಿಯಲ್ ಹತ್ತಾರು ಜಿಬಿ ಡೌನ್‌ಲೋಡ್, 32 ಜಿಬಿ ರ್‍ಯಾಮ್ ಇದ್ದರೆ ಉಸಿರಾಡುತ್ತದೆ. ಯೂನಿಟಿ ಆ್ಯಂಡ್ರಾಯ್ಡ್ ಭಾಗ ಸೇರಿ ಹಲವು ಜಿಬಿ, 16 ಜಿಬಿ ರ್‍ಯಾಮ್ ಸಾಕು. ಮೊದಲ ಬಿಲ್ಡ್ ತುಂಬಾ ಹೊತ್ತು ಹಿಡಿಯುತ್ತದೆ, ಲೈಬ್ರರಿ ಫೋಲ್ಡರ್ ಅಳಿಸದಿದ್ದರೆ ಮುಂದಿನವು ಬೇಗ. ಕೆಲಸ ಹುಡುಕುವವರಿಗೆ ಯೂನಿಟಿಯೇ ಸೂಕ್ತ, ಹೆಚ್ಚಿನ ಕಂಪನಿಗಳು ಕೇಳುವುದು ಅದನ್ನೇ. ವರ್ಷಕ್ಕೆ ಎರಡು ಲಕ್ಷ ಡಾಲರ್ ಆದಾಯದವರೆಗೆ ಪರ್ಸನಲ್ ಆವೃತ್ತಿ ಉಚಿತ. ಗೊಡೊ ತೀರಾ ಚಿಕ್ಕದು, ಹಳೇ ಲ್ಯಾಪ್‌ಟಾಪಿಗೂ ಆಗುತ್ತದೆ, ರಾಯಲ್ಟಿ ಇಲ್ಲ. ವೆಬ್‌ಎಕ್ಸ್‌ಆರ್‌ಗೆ ಬ್ರೌಸರ್ ಮತ್ತು ಎ‑ಫ್ರೇಮ್ ಎಂಬ ಕೋಡ್ ಲೈಬ್ರರಿ ಸಾಕು, ಎಚ್‌ಟಿಟಿಪಿಎಸ್ ಇಲ್ಲದ ವಿಳಾಸದಲ್ಲಿ ಮಾತ್ರ ವಿಆರ್ ಬಟನ್ ಬರುವುದಿಲ್ಲ. ಯಾವುದನ್ನೇ ಹಿಡಿಯಿರಿ, ಬ್ರೌಸರ್ ದಾರಿ ಬಿಟ್ಟರೆ ಓಪನ್‌ಎಕ್ಸ್‌ಆರ್ (ಹಲವು ಕಂಪನಿಗಳ ಹೆಡ್‌ಸೆಟ್‌ಗಳಿಗೆ ಒಂದೇ ಆದ ಮಾನದಂಡ) ಮೇಲೆ ಬರೆಯಿರಿ; ನಾಳೆ ಬೇರೆ ಹೆಡ್‌ಸೆಟ್ ಬಂದರೆ ಬದಲಿಸುವುದು ಕಡಿಮೆ.

ಮಳೆಗಾಲದ ಖರ್ಚು

ಆಗುಂಬೆ ಕಡೆ ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ. ಕ್ಯಾಮೆರಾ ಲೆನ್ಸಿಗೆ ಫಂಗಸ್ ಹಿಡಿಯುವ ಊರಿನಲ್ಲಿ ಹೆಡ್‌ಸೆಟ್ಟಿಗೂ ಹಿಡಿಯುತ್ತದೆ, ಮುಖಕ್ಕೆ ತಾಗುವ ಫೋಮ್‌ಗೆ ಬೂಷ್ಟು ಬರುತ್ತದೆ. ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿ, ಕಾಲು ಕೆಜಿ ಸಿಲಿಕಾ ಜೆಲ್, ಒಂದು ಸಣ್ಣ ತೇವ ಮಾಪಕ ಇಟ್ಟುಕೊಂಡು 40ರಿಂದ 50 ಶೇಕಡಾದಲ್ಲಿ ನಿಲ್ಲಿಸಿ. ಬಣ್ಣ ಬದಲಾಗುವ ಜೆಲ್ ತಗೊಳ್ಳುವಾಗ ನೀಲಿ ಬೇಡ, ಅದರಲ್ಲಿ ಕೋಬಾಲ್ಟ್ ಇರುತ್ತದೆ. ಕಿತ್ತಳೆ ಬಣ್ಣದ್ದು ಕೇಳಿ. ಒಣಗಿಸಲು ಅಡುಗೆಯ ಪಾತ್ರೆ ಬಳಸಬೇಡಿ. ಬೆವರಿದ ಹೆಡ್‌ಸೆಟ್ಟನ್ನು ಹಾಗೇ ಡಬ್ಬಿಗೆ ಹಾಕದೆ ಒರೆಸಿ, ಫ್ಯಾನಿನ ಗಾಳಿಗೆ ಆರಿಸಿ ಇಡಿ. ಸಿಲಿಕೋನ್ ಕವರ್ ಇದ್ದರೆ ತೊಳೆಯಬಹುದು. ಲೆನ್ಸಿಗೆ ಒಣ ಮೈಕ್ರೊಫೈಬರ್ ಬಟ್ಟೆ ಬಿಟ್ಟು ಸ್ಯಾನಿಟೈಸರ್ ಸೋಕಿಸಬೇಡಿ. ತಿಂಗಳುಗಟ್ಟಲೆ ಬಳಸದಿದ್ದರೆ ಕಂಟ್ರೋಲರಿನ ಎಎ ಸೆಲ್ ತೆಗೆದು, ಹೆಡ್‌ಸೆಟ್ ಚಾರ್ಜ್ ಅರ್ಧದಲ್ಲಿಟ್ಟು ಬಿಡಿ.

ಹೆಂಚಿನ ಮನೆಯವರಿಗೆ ಒಂದು ವಿಶೇಷ ಎಚ್ಚರಿಕೆ. ಮಾಡಿನ ಗಾಜಿನ ಹೆಂಚಿನಿಂದ ಇಳಿಯುವ ಬಿಸಿಲ ಕೋಲು ಹೊತ್ತು ಏರಿದಂತೆ ನೆಲದ ಮೇಲೆ ಸರಿಯುತ್ತಾ ಹೋಗುತ್ತದೆ. ಬೆಳಿಗ್ಗೆ ನೆರಳಿದ್ದ ಮೇಜಿಗೆ ಹನ್ನೊಂದು ಗಂಟೆಗೆ ಬಿಸಿಲು ಬಂದು, ಮೇಲ್ಮುಖವಾಗಿ ಇಟ್ಟ ಲೆನ್ಸಿನೊಳಗೆ ಬಿದ್ದರೆ ಸ್ವಲ್ಪ ಹೊತ್ತಿನಲ್ಲೇ ಪರದೆ ಸುಡುತ್ತದೆ. ತೆಗೆದ ಕೂಡಲೇ ಲೆನ್ಸಿಗೆ ಬಟ್ಟೆ ಮುಚ್ಚುವ ಅಭ್ಯಾಸ ಬರಲಿ. ನಡುಮನೆಯಲ್ಲಿ 2×2 ಮೀಟರ್ ಖಾಲಿ ಜಾಗ ಬೇಕು. ಬರೀ ಸುಣ್ಣ ಬಳಿದ ಗೋಡೆಯಾದರೆ ಒಂದೆರಡು ಕ್ಯಾಲೆಂಡರ್ ತೂಗುಹಾಕಿ, ಕ್ಯಾಮೆರಾಗಳಿಗೆ ಗುರುತು ಸಿಗುತ್ತದೆ. ಟ್ಯೂಬ್‌ಲೈಟಿನಡಿ ಟ್ರ್ಯಾಕಿಂಗ್ ನಡುಗಿದರೆ ಸೆಟ್ಟಿಂಗ್ಸ್‌ನಲ್ಲಿ ಟ್ರ್ಯಾಕಿಂಗ್ ಫ್ರೀಕ್ವೆನ್ಸಿಯನ್ನು 50 ಹರ್ಟ್ಸ್ ಮಾಡಿ.

ಪೆಟ್ಟಿಗೆ ಬಂದ ದಿನ

ಆನ್‌ಲೈನಿನಲ್ಲಿ ಮಾರುವವರಲ್ಲಿ ಆಮದುದಾರರೇ ಬಹಳ. ವಾಪಸ್ ಕೊಡಲು ಎಷ್ಟು ದಿನ, ವಾರಂಟಿ ಯಾರದ್ದು ಎಂದು ಮೊದಲೇ ಬರಹದಲ್ಲಿ ಪಡೆಯಿರಿ. ವಿದೇಶದ ನೆಂಟರ ಕೈಲಿ ತರಿಸಿದರೆ ಅಗ್ಗ, ಆದರೆ ಕೆಟ್ಟರೆ ಅಲ್ಲಿಗೇ ಕಳಿಸಬೇಕು. ಮೊದಲ ಸಲ ಆನ್ ಮಾಡಲು ಇಂಟರ್ನೆಟ್ ಬೇಕು, ಅಪ್‌ಡೇಟ್ ದೊಡ್ಡದಿರುತ್ತದೆ. ಹೊಸನಗರದ ಒಳಹಳ್ಳಿಗೆ ಒಯ್ಯುವ ಮುನ್ನ ಶಿವಮೊಗ್ಗದಲ್ಲೇ ಒಳ್ಳೆ ವೈಫೈಯಲ್ಲಿ ಮುಗಿಸಿ.

ನಂತರ ಮೆಟಾ ಡೆವಲಪರ್ ತಾಣದಲ್ಲಿ ಸಂಸ್ಥೆಯ ಹೆಸರೊಂದನ್ನು ನೋಂದಾಯಿಸಿ, ಖಾತೆ ದೃಢಪಡಿಸಿ, ಫೋನಿನ ಹೊರೈಝನ್ ಆ್ಯಪಿನಲ್ಲಿ ಡೆವಲಪರ್ ಮೋಡ್ ಆನ್ ಮಾಡಿ. ಕೇಬಲ್ ಹಾಕಿ ಲ್ಯಾಪ್‌ಟಾಪಿನಲ್ಲಿ ‘ಎಡಿಬಿ ಡಿವೈಸಸ್’ (ಜೋಡಿಸಿದ ಸಾಧನಗಳ ಪಟ್ಟಿ ತೋರಿಸುವ ಆ್ಯಂಡ್ರಾಯ್ಡ್ ಆದೇಶ) ಕೊಟ್ಟಾಗ ಏನೂ ಬರದಿದ್ದರೆ ಕೇಬಲ್ ಬರೀ ಚಾರ್ಜಿಂಗಿನದ್ದಿರಬಹುದು. ‘ಅನ್‌ಆಥರೈಸ್ಡ್’ (ಅನಧಿಕೃತ) ಎಂದು ಬಂದರೆ ಒಪ್ಪಿಗೆ ಕೇಳುವ ಪೆಟ್ಟಿಗೆ ಹೆಡ್‌ಸೆಟ್ಟಿನೊಳಗೆ ತೆರೆದು ಕಾಯುತ್ತಿದೆ, ಹಾಕಿಕೊಂಡು ಒಪ್ಪಿಗೆ ಕೊಡಿ. ಮೇಜಿನ ಮೇಲಿಟ್ಟೇ ಪರೀಕ್ಷಿಸಲು ಮೆಟಾದ ಡೆವಲಪರ್ ಹಬ್ ತಂತ್ರಾಂಶದಲ್ಲಿ ಪ್ರಾಕ್ಸಿಮಿಟಿ ಸೆನ್ಸರ್ (ಹಾಕಿಕೊಂಡಿದ್ದಾರೆಯೇ ಎಂದು ತಿಳಿಯುವುದು) ಆಫ್ ಮಾಡಿ, ಇಲ್ಲದಿದ್ದರೆ ತೆಗೆದ ಕೂಡಲೇ ನಿದ್ದೆಗೆ ಜಾರುತ್ತದೆ. ಲ್ಯಾಪ್‌ಟಾಪಿನ ಯುಎಸ್‌ಬಿಯಿಂದ ಬರುವ ಕರೆಂಟು ಬಳಕೆಗೆ ಸಾಲದೆ ಕೇಬಲ್ ಹಾಕಿದ್ದರೂ ಬ್ಯಾಟರಿ ಇಳಿಯಬಹುದು. ಊಟದ ಹೊತ್ತಿಗೆ ಗೋಡೆಯ ಚಾರ್ಜರಿಗೆ ಹಾಕಿ.

ವಾಪಸಾತಿಯ ಅವಧಿ ಮುಗಿಯುವುದರೊಳಗೆ ನಿಮ್ಮ ಅತಿ ಭಾರದ ದೃಶ್ಯವನ್ನು ವೇಗ ಅಳೆದು ತೋರಿಸುವ ಒವಿಆರ್ ಮೆಟ್ರಿಕ್ಸ್ ಟೂಲ್ ಹಾಕಿ ಇಪ್ಪತ್ತು ನಿಮಿಷ ಎಡೆಬಿಡದೆ ಓಡಿಸಿ. ಮೊದಲ ಐದು ನಿಮಿಷ ಸೆಕೆಂಡಿಗೆ 72 ಚಿತ್ರ ಇದ್ದು ಆಮೇಲೆ ಬಿದ್ದರೆ ಚಿಪ್ಪು ಬಿಸಿಯಾಗಿ ವೇಗ ಇಳಿಸಿಕೊಂಡಿದೆ. ಅದು ನಿಮ್ಮ ದೃಶ್ಯದ ಭಾರ, ಏಪ್ರಿಲ್ ಸೆಖೆಯಲ್ಲಿ ಇನ್ನೂ ಬೇಗ ಬೀಳುತ್ತದೆ. ಖಾಲಿ ದೃಶ್ಯದಲ್ಲೂ ಬಿದ್ದರೆ ಹೆಡ್‌ಸೆಟ್ಟಿನದೇ ದೋಷವಿರಬಹುದು, ಬದಲಿ ಕೇಳಿ.